ಒಲೆಗೆ ಬಿದ್ದ ಕೆಂಪು ಮರ

ಕೆಲವು ವರ್ಷಗಳ ಹಿಂದೆ ಕೈಮಗ್ಗದ ಮೇಲೆ ಒಂದು ಕಾರ್ಯಕ್ರಮ ಮಾಡಲೆಂದು ನಮ್ಮ ತಂಡ ರಬಕವಿ-ಬನಹಟ್ಟಿಗೆ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಕರೆಂಟು ಹೋಯಿತು. ದೀಪವಿಲ್ಲದೆ ಕುಣಿಮಗ್ಗದ ಒಳಗಿನ ದೃಶ್ಯ ತೆಗೆಯುವಂತಿರಲಿಲ್ಲ. ಕ್ಯಾಮೆರಾ ಮಡಚಿಟ್ಟು ಹೊರಗೆ ಚಹಾದ ಅಂಗಡಿಯ ಮುಂದೆ ಕುಳಿತೆವು. ಅಂಗಡಿಯ ಬದಿಗೆ ಉರುವಲು ಕಟ್ಟಿಗೆಯ ರಾಶಿ ಬಿದ್ದಿತ್ತು. ಅದರಾಚೆ ಒಬ್ಬ ಹಿರಿಯ ಬಡಿಗೇರರ ಛಪ್ಪರ. ಮಗ್ಗದ ಸಾಮಾನು, ಕುಂಟೆ, ಕೂರಿಗೆ, ಕೊಡಲಿಯ ಕಾವು, ಹೀಗೆ ಬಂದದ್ದನ್ನೆಲ್ಲ ರಿಪೇರಿ ಮಾಡುವವರು.

ಹೊತ್ತು ಹೋಗಲೆಂದು ನಾನು ಕೇಳಿದೆ: "ಕಾಕಾರ, ಬಣ್ಣದ ಕಟಗಿ ನಮ್ಮ ಕಡೆ ಯಾವುದೈತ್ರಿ? ಮೈಸೂರು ಕಡೆ ಬೀಟಿ ಇದ್ದಂಗ?"

ಅವರು ನಕ್ಕರು. ಎದ್ದು ಹೋಗಿ ಚಹಾದ ಅಂಗಡಿಯ ರಾಶಿಯಿಂದಲೇ ತೊಡೆ ಗಾತ್ರದ ಒಂದು ಸೊಟ್ಟ ತುಂಡನ್ನು ಎಳೆದು ತಂದರು. ತೊಗಟೆ ಒರಟು, ಬೂದು ಬಣ್ಣ. ಒಂದು ಮಗ್ಗುಲನ್ನು ಬಾಚಿಯಿಂದ ಕೆತ್ತಿ, ಉಜ್ಜುಗೊರಡನ್ನು ನಾಲ್ಕು ಸಲ ಆಡಿಸಿ ನನ್ನ ಕೈಗಿತ್ತರು. ಹೊರಗಡೆ ಬೆರಳಗಲ ತಿಳಿ ಹಳದಿಯ ಪಟ್ಟಿ. ಒಳಗೆ ಹೊಸದಾಗಿ ಸುಟ್ಟ ಇಟ್ಟಿಗೆಯ ಕೆಂಪು, ಅದರಲ್ಲಿ ಅಲ್ಲಲ್ಲಿ ಬೆಲ್ಲದ ಬಣ್ಣದ ಗೆರೆಗಳು. "ಇದರಷ್ಟ ಚಂದನ್ನ ಕಟಗಿ ಈ ಸೀಮ್ಯಾಗ ಇಲ್ರಿ ಸಾಹೇಬ್ರ. ಏನ್ ಮಾಡೂದು, ಎಲ್ಲಾರೂ ಒಲಿಗೆ ಹಾಕ್ತಾರ" ಎಂದರು.

ಅದು ಬಳ್ಳಾರಿ ಜಾಲಿ.

ನಾನು ಹುಟ್ಟಿ ಬೆಳೆದದ್ದು ಮುಧೋಳ ತಾಲೂಕಿನ ಹಳ್ಳಿಯೊಂದರಲ್ಲಿ. ಶಾಲೆಗೆ ಹೋಗುವ ದಾರಿಯಲ್ಲಿ ನನ್ನ ಸೈಕಲ್ಲಿನ ಗಾಲಿಗೆ ಎಷ್ಟು ಸಲ ಈ ಗಿಡದ ಮುಳ್ಳು ನೆಟ್ಟಿತ್ತೋ ಲೆಕ್ಕವಿಲ್ಲ. ಪದವಿ ತರಗತಿಯಲ್ಲಿ ಸಸ್ಯಶಾಸ್ತ್ರ ಓದಿದೆ, ಈ ಗಿಡದ ಲ್ಯಾಟಿನ್ ಹೆಸರನ್ನು ಬಾಯಿಪಾಠ ಮಾಡಿದೆ. ಆದರೂ ಅದನ್ನು ಒಮ್ಮೆಯೂ ಸೀಳಿ ನೋಡಿರಲಿಲ್ಲ. ಆ ದಿನದ ನಾಚಿಕೆಯೇ ಈ ಲೇಖನಕ್ಕೆ ಕಾರಣ ಎನ್ನಬಹುದು.

ಮೊದಲು ಗುರುತು ಹಿಡಿಯುವ ಬಗೆಯನ್ನು ಹೇಳಿಬಿಡುತ್ತೇನೆ. ನಮ್ಮ ಭಾಗದಲ್ಲಿ ಮೂರು ಮುಳ್ಳಿನ ಮರಗಳನ್ನು ವಿದ್ಯಾರ್ಥಿಗಳು ಒಂದಕ್ಕೊಂದು ಬೆರೆಸಿ ಹೇಳುತ್ತಾರೆ. ಒಂದು ಕರಿಜಾಲಿ, ಅಂದರೆ ಹಿಂದಿಯವರ ಬಬೂಲ್. ಅದರ ಹೂವು ಹಳದಿಯ ಪುಟ್ಟ ಚೆಂಡು. ಕಾಯಿ ಮಣಿ ಪೋಣಿಸಿದ ಸರದಂತೆ ನಡುನಡುವೆ ಬಿಗಿದಿರುತ್ತದೆ. ಎರಡನೆಯದು ಬನ್ನಿ, ಸಂಸ್ಕೃತದ ಶಮೀ. ಅದರ ಹೂವು ಸಣ್ಣ ತೆನೆಯಂತೆ, ಮುಳ್ಳು ಗಿಡ್ಡ. ಮೂರನೆಯದು ಬಳ್ಳಾರಿ ಜಾಲಿ. ಹೂವು ಬನ್ನಿಯಂತೆಯೇ ತೆನೆ, ಆದರೆ ಇನ್ನಷ್ಟು ಉದ್ದ. ಕಾಯಿ ಹಣ್ಣಾದಾಗ ಹಳದಿ, ಚಪ್ಪಟೆ, ತುಸು ಬಾಗಿರುತ್ತದೆ, ಕಚ್ಚಿದರೆ ಸಿಹಿ. ಹೆಸರಿನಲ್ಲಿ ಜಾಲಿ ಎಂದಿದ್ದರೂ ಅದು ಜಾಲಿಯ ಜಾತಿಯಲ್ಲ, ಬನ್ನಿಗೆ ಹತ್ತಿರದ ನೆಂಟ. ಇಷ್ಟು ತಿಳಿದರೆ ಮುಂದಿನ ಮಾತು ಅರ್ಥವಾಗುತ್ತದೆ.

ಜಮಖಂಡಿ, ಮುಧೋಳ, ಬೀಳಗಿಗಳ ಹಳ್ಳಿಗಳಲ್ಲಿ ವಿಜಯದಶಮಿಯ ಸಂಜೆ ಏನಾಗುತ್ತದೆಂದು ಈ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಬನ್ನಿಯ ಎಲೆಯನ್ನು ಬಂಗಾರವೆಂದು ಹಿರಿಯರ ಕೈಗಿತ್ತು ಕಾಲಿಗೆರಗುತ್ತೇವೆ. ವರ್ಷವಿಡೀ ಜಗಳವಾಡಿದವರೂ ಅಂದು ಬನ್ನಿ ಕೊಟ್ಟು ಮಾತಾಡುತ್ತಾರೆ. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧ ಬಚ್ಚಿಟ್ಟದ್ದು ಈ ಮರದಲ್ಲಿ. ರಾಜಸ್ಥಾನದಲ್ಲಿ ಇದೇ ಮರಕ್ಕೆ ಖೇಜಡಿ ಎಂದು ಹೆಸರು. ಜೋಧಪುರದ ಬಳಿಯ ಖೇಜಡ್ಲಿಯಲ್ಲಿ 1730ರಲ್ಲಿ ಈ ಮರಗಳನ್ನು ಉಳಿಸಲು ಅಮೃತಾದೇವಿ ಮೊದಲಾಗಿ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಇಂಥ ಮರದ ನೆಂಟನೊಂದು ಊರ ಹೊರಗೆ ಬೇಲಿಯಾಗಿ, ಕಳೆಯಾಗಿ, ಉರುವಲಾಗಿ ನಿಂತಿದೆ. ಒಂದಕ್ಕೆ ಕೈ ಮುಗಿಯುತ್ತೇವೆ, ಇನ್ನೊಂದಕ್ಕೆ ಕೊಡಲಿ ಎತ್ತುತ್ತೇವೆ. ಇದು ಹೇಗಾಯಿತು?

ಬಳ್ಳಾರಿ ಜಾಲಿ ಹೊರನಾಡಿನ ಗಿಡ. ಅದರ ತವರು ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು, ದಕ್ಷಿಣ ಅಮೆರಿಕದ ಉತ್ತರ ಭಾಗ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಓಲೋಫ್ ಸ್ವಾರ್ಟ್ಜ್ 1788ರಲ್ಲಿ ಇದಕ್ಕೆ ಮಿಮೋಸಾ ಜೂಲಿಫ್ಲೋರಾ ಎಂದು ಹೆಸರಿಟ್ಟ. 'ಜೂಲಿಫ್ಲೋರಾ' ಎಂದರೆ ತೆನೆಯಂಥ ಹೂವುಳ್ಳದ್ದು. 1825ರಲ್ಲಿ ಡಿ ಕಾಂಡೋಲ್ ಅದನ್ನು ಪ್ರೊಸೋಪಿಸ್ ಕುಲಕ್ಕೆ ಸೇರಿಸಿದ. ನಮ್ಮ ಬನ್ನಿಯೂ ಅದೇ ಕುಲದ್ದಾದ್ದರಿಂದ ಎರಡನ್ನೂ ಬಹುಕಾಲ ಅಕ್ಕತಂಗಿಯರೆಂದೇ ಓದಿದೆವು. 2022ರಲ್ಲಿ ಸಸ್ಯವಿಜ್ಞಾನಿಗಳು ಈ ಕುಲವನ್ನು ಒಡೆದು ಅಮೆರಿಕದ ಬಹುತೇಕ ಪ್ರಭೇದಗಳಿಗೆ ನೆಲ್ಟುಮಾ ಎಂಬ ಹೆಸರು ಕೊಟ್ಟರು. ಬನ್ನಿ ಹಳೆಯ ಮನೆಯಲ್ಲೇ ಉಳಿಯಿತು. ಅಂತೂ ಪುಸ್ತಕದಲ್ಲಿಯೂ ಇವರಿಬ್ಬರ ಪಾಲು ಬೇರೆಯಾಯಿತು.

ಭಾರತಕ್ಕೆ ಅದು ಬಂದ ಕಾಲವನ್ನು ಗಮನಿಸಬೇಕು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಭೀಕರ ಬರಗಾಲ ಸುಟ್ಟಿತು. ಆಗ ನಮ್ಮ ಭಾಗ ಕಲಾದಗಿ ಜಿಲ್ಲೆ ಎನಿಸಿತ್ತು. ಮುಂಬಯಿ ಪ್ರಾಂತದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಅದೂ ಒಂದು. ಜಮಖಂಡಿ, ಮುಧೋಳಗಳು ಸಂಸ್ಥಾನಗಳಾಗಿದ್ದವು. ಬರಕ್ಕೆ ಆ ಗಡಿಗಳ ಲೆಕ್ಕವಿರಲಿಲ್ಲ. ಇದೇ 1876ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿ ಲೆಫ್ಟಿನೆಂಟ್ ಕರ್ನಲ್ ಬೆಡ್ಡೋಮ್, ಒಣ ಸೀಮೆಗಳಲ್ಲಿ ಬೆಳೆಯಬಲ್ಲ ಅಮೆರಿಕದ ಪ್ರೊಸೋಪಿಸ್ ಬೀಜಗಳನ್ನು ತರಿಸಿಕೊಡಬೇಕೆಂದು ಸರ್ಕಾರಕ್ಕೆ ಬರೆದ. ಈತ ಸಾಮಾನ್ಯ ಅಧಿಕಾರಿಯಲ್ಲ. ದಕ್ಷಿಣ ಭಾರತದ ಜರೀಗಿಡಗಳ ಮೇಲೂ ಹಾವು, ಹಲ್ಲಿ, ಕಪ್ಪೆಗಳ ಮೇಲೂ ದೊಡ್ಡ ಕೆಲಸ ಮಾಡಿದ ವಿಜ್ಞಾನಿ. 1877-78ರ ಸುಮಾರಿಗೆ ಜಮೈಕಾದಿಂದ ಬಂದ ಬೀಜವನ್ನು ಕಡಪಾ ಜಿಲ್ಲೆಯ ಕಮಲಾಪುರಂ ಬಳಿ ಬಿತ್ತಿದರು. ಬರಡು ನೆಲಕ್ಕೆ ಹಸಿರು, ಜನರಿಗೆ ಉರುವಲು: ಉದ್ದೇಶ ಇಷ್ಟೇ.

ಆಮೇಲೆ ಅದು ನಿಲ್ಲಲಿಲ್ಲ. 1880ರ ದಶಕದಲ್ಲಿ ಕಚ್ಛಕ್ಕೆ, 1913ರಲ್ಲಿ ಜೋಧಪುರಕ್ಕೆ ಹೋಯಿತು. 1940ರಲ್ಲಿ ಜೋಧಪುರ ಸಂಸ್ಥಾನ ಅದಕ್ಕೆ ರಾಜವೃಕ್ಷದ ಪದವಿಯನ್ನೇ ಕೊಟ್ಟಿತು. ಖೇಜಡಿಗಾಗಿ ಜನ ತಲೆ ಕೊಟ್ಟ ನಾಡಿನಲ್ಲಿ ಅದರ ಪರದೇಶದ ನೆಂಟನಿಗೆ ಪಟ್ಟ! ಕಚ್ಛದ ವಿಶಾಲ ಹುಲ್ಲುಗಾವಲಿನ ಹೆಸರು ಬನ್ನಿ ಎಂಬುದು ಕಾಕತಾಳೀಯ. ಅಲ್ಲಿಯೂ 1960ರ ದಶಕದಲ್ಲಿ ಉಪ್ಪು ನೆಲ ಹರಡದಿರಲೆಂದು ಇದನ್ನು ನೆಟ್ಟರು. ಈಗ ಅಲ್ಲಿಯ ಜನ ಇದನ್ನು ಕರೆಯುವುದು 'ಗಾಂಡೋ ಬಾವಳ್' ಎಂದು, ಅಂದರೆ ಹುಚ್ಚು ಜಾಲಿ. ತೆಲುಗಿನಲ್ಲಿ ಇದು ಸರ್ಕಾರ್ ತುಮ್ಮ, ತಮಿಳಿನಲ್ಲಿ ಸೀಮೈ ಕರುವೇಲಂ, ಹಿಂದಿಯಲ್ಲಿ ವಿಲಾಯತಿ ಬಬೂಲ್. ಯಾವ ಭಾಷೆಯವರೂ ಇದನ್ನು ತಮ್ಮ ಊರಿನದೆಂದು ಒಪ್ಪಿಕೊಂಡಿಲ್ಲ. ನಾವೂ ಬಳ್ಳಾರಿಯ ಮೇಲೆ ಹಾಕಿ ಕೈ ತೊಳೆದುಕೊಂಡಿದ್ದೇವೆ.

ಸರ್ಕಾರ ನೆಟ್ಟಿದ್ದಕ್ಕಿಂತ ದನಕುರಿಗಳು ಬಿತ್ತಿದ್ದು ಹೆಚ್ಚು. ಸಿಹಿಯಾದ ಕಾಯಿಯನ್ನು ಅವು ಆಸೆಯಿಂದ ತಿನ್ನುತ್ತವೆ. ಒಳಗಿನ ಬೀಜದ ಸಿಪ್ಪೆ ಬಹಳ ಗಟ್ಟಿ. ಹೊಟ್ಟೆಯ ರಸದಲ್ಲಿ ಅದು ಮೆತ್ತಗಾಗುತ್ತದೆಯೇ ಹೊರತು ಸಾಯುವುದಿಲ್ಲ. ಸಗಣಿಯೊಂದಿಗೆ, ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದಾಗ ಗೊಬ್ಬರವೂ ಜೊತೆಗೇ ಸಿಕ್ಕಂತಾಯಿತು. ಕುರಿಹಿಂಡನ್ನು ಹೊಲದಲ್ಲಿ ತರುಬಿ ಗೊಬ್ಬರ ಪಡೆಯುವ ನಮ್ಮ ಹಳೆಯ ಪದ್ಧತಿ ಒಳ್ಳೆಯದೇ. ಆದರೆ ದಾರಿಯಲ್ಲಿ ಈ ಕಾಯಿ ತಿಂದ ಹಿಂಡು ಹೊಲದ ಬದುವಿಗೆ ಕಾಡನ್ನೂ ತಂದುಕೊಡುತ್ತದೆ.

ಬೇರಿನ ಮಾತು ಇನ್ನೂ ವಿಚಿತ್ರ. ಅಮೆರಿಕದ ಅರಿಜೋನಾದ ಗಣಿಯೊಂದರಲ್ಲಿ ಈ ಗುಂಪಿನ ಮರದ ಬೇರು 53 ಮೀಟರ್ ಆಳದಲ್ಲಿ ಸಿಕ್ಕಿತ್ತು. ಮೇಲೆ ಕಡಿದರೆ ಬುಡದಿಂದ ಹತ್ತು ಚಿಗುರು ಏಳುತ್ತವೆ. ಉಪ್ಪು ನೆಲವೂ ಅದಕ್ಕೆ ಒಗ್ಗುತ್ತದೆ. ಘಟಪ್ರಭಾ, ಕೃಷ್ಣೆಯರ ನೀರು ಅತಿಯಾಗಿ ಉಂಡು ಸವಳು-ಜವಳಾದ ಹೊಲಗಳು ನಮ್ಮ ಮುಧೋಳ, ಜಮಖಂಡಿ ಭಾಗದಲ್ಲಿವೆ. ಕಬ್ಬು ಸೋತು ಹಿಂದೆ ಸರಿದ ಇಂಥ ಜಾಗದಲ್ಲಿ ಬಳ್ಳಾರಿ ಜಾಲಿ ಬಂದು ಕೂತುಬಿಡುತ್ತದೆ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗಾಗಿ ಜನ ಮನೆಮಾರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದರು. ಹೋಗುವಾಗ ಅಜ್ಜನ ಕಾಲದ ಬಾಗಿಲ ಚೌಕಟ್ಟು, ತೊಲೆ, ಕಂಬಗಳನ್ನು ಬಿಚ್ಚಿ ಎತ್ತಿನ ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊತ್ತೊಯ್ದರು. ಸಾಗವಾನಿ, ಬೇವು, ಕರಿಜಾಲಿಗಳ ಬೆಲೆ ಅವರಿಗೆ ಗೊತ್ತಿತ್ತು. ಬಿಟ್ಟುಹೋದ ಮನೆಗಳ ಮಣ್ಣಿನ ಗೋಡೆಗಳ ನಡುವೆ ಈ ಗಿಡ ಎದ್ದದ್ದನ್ನು ನಾನೇ ನೋಡಿದ್ದೇನೆ.

ಈಗ ಮರದ ಗುಣಕ್ಕೆ ಬರೋಣ. ಅಮೆರಿಕದಲ್ಲಿ ಈ ಗುಂಪಿನ ಮರಗಳಿಗೆ ಮೆಸ್ಕೀಟ್ ಎನ್ನುತ್ತಾರೆ; ಮೆಕ್ಸಿಕೊದ ಮೂಲನಿವಾಸಿಗಳ ನಾವಾಟ್ಲ್ ಭಾಷೆಯಿಂದ ಸ್ಪ್ಯಾನಿಷಿನ ಮೂಲಕ ಬಂದ ಪದ. ಟೆಕ್ಸಾಸಿನಲ್ಲಿ ಬೆಳೆಯುವುದು ನಮ್ಮ ಗಿಡದ ಒಡಹುಟ್ಟು, ಪ್ರಭೇದ ಬೇರೆ. ಅಲ್ಲಿ ಅದು ಬೆಲೆಬಾಳುವ ಪೀಠೋಪಕರಣದ ಮರ. ಮೇಜು, ಕುರ್ಚಿ, ಬಂದೂಕಿನ ಹಿಡಿ, ನೆಲಕ್ಕೆ ಹಾಸುವ ಹಲಗೆ, ಲೇತಿನಲ್ಲಿ ಕಡೆದ ಬಟ್ಟಲು ಇವೆಲ್ಲ ಅದರಿಂದ ಆಗುತ್ತವೆ. ಮರದಲ್ಲಿ ಬಿರುಕಿದ್ದರೆ ಅಲ್ಲಿಯ ಕುಶಲಕರ್ಮಿಗಳು ಅದನ್ನು ಮುಚ್ಚಿಡುವುದಿಲ್ಲ. ಪುಡಿ ಮಾಡಿದ ನೀಲಿ ವೈಢೂರ್ಯದ ಕಲ್ಲನ್ನು ಅಂಟಿನೊಂದಿಗೆ ತುಂಬಿ ನಯಗೊಳಿಸುತ್ತಾರೆ. ಕೆಂಪು ಮರದಲ್ಲಿ ನೀಲಿ ನದಿ ಹರಿದಂತೆ ಕಾಣುತ್ತದೆ. 19ನೇ ಶತಮಾನದ ಕೊನೆಯಲ್ಲಿ ಸ್ಯಾನ್ ಆಂಟೋನಿಯೊ ನಗರದ ಕೆಲವು ಬೀದಿಗಳಿಗೆ ಮೆಸ್ಕೀಟಿನ ಆರು ಮೂಲೆಯ ತುಂಡುಗಳನ್ನು ಕಲ್ಲಿನ ಬದಲು ಹಾಸಿದ್ದರು. ಅರ್ಜೆಂಟೀನದ ಬ್ಯೂನಸ್ ಐರಿಸ್‌ನಲ್ಲೂ ಇದೇ ಗುಂಪಿನ ಆಲ್ಗರೋಬೊ ಮರದ ತುಂಡುಗಳನ್ನು ಬೀದಿಗೆ ಹಾಸಿದ್ದುಂಟು. ಕುದುರೆಗಾಡಿಯ ಕಬ್ಬಿಣದ ಪಟ್ಟಿ ಉರುಳುವ ಬೀದಿಗೆ ಮರ ಹಾಸಬೇಕಾದರೆ ಅದು ಎಷ್ಟು ಗಟ್ಟಿ ಇದ್ದಿರಬೇಕು! ಅಳತೆಯಲ್ಲಿ ಹೇಳುವುದಾದರೆ ಮೆಸ್ಕೀಟಿನ ಗಡಸುತನ ಸಾಗವಾನಿಯ ಎರಡರಷ್ಟು.

ಆದರೆ ಗಡಸುತನಕ್ಕಿಂತ ದೊಡ್ಡ ಗುಣ ಒಂದಿದೆ. ಹಸಿ ಮರ ಒಣಗುವಾಗ ಕುಗ್ಗುತ್ತದೆ. ಬೆಳವಣಿಗೆಯ ಉಂಗುರಗಳ ಗುಂಟ ಹೆಚ್ಚು, ಉಂಗುರಗಳಿಗೆ ಅಡ್ಡಲಾಗಿ ಕಡಿಮೆ. ಈ ಏರುಪೇರಿನಿಂದಲೇ ಹಲಗೆ ಡೊಂಕಾಗುವುದು, ಬಾಗಿಲು ಮಳೆಗಾಲದಲ್ಲಿ ಬಿಗಿಯುವುದು, ಪೆಟ್ಟಿಗೆಯ ಮುಚ್ಚಳ ಕೂರದಿರುವುದು. ಅಮೆರಿಕದ ಬಿಳಿ ಓಕ್ ಮರ ಪೂರ್ತಿ ಒಣಗುವಷ್ಟರಲ್ಲಿ ಗಾತ್ರದಲ್ಲಿ ನೂರಕ್ಕೆ 16ರಷ್ಟು ಕುಗ್ಗುತ್ತದೆ. ಸಾಗವಾನಿ ಸುಮಾರು 7ರಷ್ಟು. ಅದಕ್ಕೇ ನಮ್ಮ ಹಿರಿಯರು ಅದನ್ನು ಬಾಗಿಲಿಗೆ ಆರಿಸಿದ್ದು. ಮೆಸ್ಕೀಟು 5ಕ್ಕೂ ಕಡಿಮೆ. ಹಾಗಾಗಿ ಅದರಲ್ಲಿ ಮಾಡಿದ ಕೀಲು ಸಡಿಲಾಗುವುದು ಅಪರೂಪ. ಈ ಲೆಕ್ಕ ಟೆಕ್ಸಾಸಿನ ಪ್ರಭೇದದ್ದು. ನಮ್ಮದರ ಗುಣವೂ ಇದೇ ದಾರಿಯದು.

ಬಣ್ಣದ ಗುಟ್ಟು ಚೇಗಿನಲ್ಲಿದೆ. ಮರದ ಹೊರಪದರ ನೀರು ಸಾಗಿಸುವ ಜೀವಂತ ಭಾಗ. ವಯಸ್ಸಾದಂತೆ ಒಳಪದರಗಳು ಕೆಲಸ ನಿಲ್ಲಿಸಿ ಹಲವು ರಾಸಾಯನಿಕಗಳನ್ನು ತುಂಬಿಕೊಂಡು ಚೇಗಾಗುತ್ತವೆ. ಬಳ್ಳಾರಿ ಜಾಲಿಯ ಚೇಗಿನಲ್ಲಿ ಮೆಸ್ಕೀಟಾಲ್ ಎಂಬ ವಸ್ತು ಹೇರಳವಾಗಿದೆ. ಅದು ಚಹಾದೆಲೆಯಲ್ಲಿರುವ ಕಟೆಚಿನ್‌ಗಳ ಬಳಗದ್ದು. ಗಾಳಿ, ಬೆಳಕು ತಗುಲಿದರೆ ಇಂಥ ವಸ್ತುಗಳು ಬಣ್ಣ ಬದಲಿಸುತ್ತವೆ. ಹೊಸದಾಗಿ ಕೆತ್ತಿದಾಗ ಹೊಂಬಣ್ಣ ಬೆರೆತ ಕೆಂಪಾಗಿದ್ದ ಮರ ಕೆಲವು ತಿಂಗಳಲ್ಲಿ ಕಾಚಿನ ಬಣ್ಣಕ್ಕೆ ತಿರುಗುವುದು ಇದರಿಂದ. ಚೇಗಿಗೆ ಹುಳ ಬೇಗ ಹತ್ತುವುದಿಲ್ಲ. ಹೊರಗಿನ ಹಳದಿ ಭಾಗವನ್ನು ಮಾತ್ರ ಕೊರಕ ಹುಳು ಬಿಡುವುದಿಲ್ಲ. ಒಂದು ಮಳೆಗಾಲದಲ್ಲಿ ಹಿಟ್ಟು ಮಾಡಿಬಿಡುತ್ತದೆ.

ಹಾಗಾದರೆ ನಮ್ಮ ಬಡಿಗೇರರು ಇದನ್ನೇಕೆ ಕೈಬಿಟ್ಟರು? ನಾನು ಆ ಕಾಕಾ ಅವರನ್ನೇ ಕೇಳಿದೆ. "ನೆಟ್ಟಗ ಒಂದು ಮೊಳ ಸಿಗೂದಿಲ್ರಿ. ಉಳಿ ಹರಿತ ಹೋಗ್ತೈತಿ. ಕೂಲಿ ಯಾರ್ ಕೊಡ್ತಾರ?" ಎಂದರು. ಮೂರೂ ಮಾತು ನಿಜ. ಕುರಿ ಮೇಯ್ದು, ಜನ ಕಡಿದು, ಮತ್ತೆ ಚಿಗುರಿ, ಈ ಗಿಡ ಬುಡದಿಂದಲೇ ಹಲವು ಕೊಂಬೆಯಾಗಿ ಪೊದೆಯಾಗುತ್ತದೆ. ಕರಿಜಾಲಿಯಲ್ಲಾದರೋ ಗಾಡಿಯ ಗಾಲಿ, ಕುಂಟೆ, ಕೂರಿಗೆಗೆ ಬೇಕಾದ ಉದ್ದ, ಗಾತ್ರ ಸಿಗುತ್ತಿತ್ತು. ಅದರ ಬಳಕೆಯ ಜ್ಞಾನ ತಲೆಮಾರುಗಳಿಂದ ಕೈಯಲ್ಲಿತ್ತು. ಹೊಸ ಗಿಡ ಬಂದಾಗ ಬೀಜ ಮಾತ್ರ ಹಡಗಿನಲ್ಲಿ ಬಂತು. ಅದರ ಕಾಯಿಯನ್ನು ಬೀಸಿ ಹಿಟ್ಟು ಮಾಡಿ ಉಣ್ಣುವುದು, ಅದರ ಸೊಟ್ಟ ತುಂಡಿನಲ್ಲಿ ಚಂದ ಕಾಣುವುದು, ಈ ಕಸುಬು ಬರಲಿಲ್ಲ. ಕಡತದಲ್ಲಿ ಉರುವಲು ಎಂದು ಬರೆದಿತ್ತು; ಉರುವಲಾಗಿಯೇ ಉಳಿಯಿತು.

ಉರುವಲು ಕೀಳೆಂದು ನಾನು ಹೇಳುತ್ತಿಲ್ಲ. ಗ್ಯಾಸು ಬರುವ ಮೊದಲು ಎಷ್ಟೋ ಬಡ ಮನೆಗಳ ಒಲೆ ಉರಿದದ್ದು ಇದರಿಂದ; ನನ್ನ ಅವ್ವನ ಒಲೆಯೂ ಸೇರಿ. ಇದರ ಇದ್ದಿಲು ಗಟ್ಟಿ, ಕಾವು ಹೆಚ್ಚು. ಮರದ ಆಂಥ್ರಸೈಟ್ ಎಂದೇ ಇದನ್ನು ಹೊಗಳಿದವರುಂಟು. ಆದರೆ ನಷ್ಟವೂ ಸಣ್ಣದಲ್ಲ. ಗೋಮಾಳದ ಹುಲ್ಲು ಇದರಡಿಯಲ್ಲಿ ಬೆಳೆಯದು. ಬನ್ನಿಯ ನೆರಳಿನಲ್ಲಿ ಸಜ್ಜೆ ಚೆನ್ನಾಗಿ ಬರುತ್ತದೆಂದು ರಾಜಸ್ಥಾನದ ರೈತರು ಮರವನ್ನು ಹೊಲದ ನಡುವೆ ಉಳಿಸಿಕೊಳ್ಳುತ್ತಾರೆ. ಬಳ್ಳಾರಿ ಜಾಲಿಯನ್ನು ಹಾಗೆ ಯಾರೂ ಉಳಿಸಿಕೊಳ್ಳುವುದಿಲ್ಲ. ಕೆನ್ಯಾದ ಬಾರಿಂಗೊ ಪ್ರದೇಶದಲ್ಲಿ 1980ರ ದಶಕದಲ್ಲಿ ಇದೇ ಗಿಡ ನೆಡಿಸಿದರು. ಸಿಹಿ ಕಾಯಿ ತಿಂದು ತಿಂದು ಮೇಕೆಗಳ ಹಲ್ಲು ಹಾಳಾದವೆಂದು ಅಲ್ಲಿಯ ಜನ ಸರ್ಕಾರದ ಮೇಲೆ ದಾವೆ ಹೂಡಿದರು, ಹಲ್ಲಿಲ್ಲದ ಮೇಕೆಯನ್ನೇ ಸಾಕ್ಷಿಯಾಗಿ ಕೋರ್ಟಿಗೆ ಎಳೆದೊಯ್ದರು. ನಮ್ಮ ನೆರೆಯ ತಮಿಳುನಾಡಿನಲ್ಲಿ 2017ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಇದನ್ನು ಬೇರುಸಹಿತ ಕಿತ್ತುಹಾಕಬೇಕೆಂದು ಆದೇಶಿಸಿತು. ಕೀಳುವ ಖರ್ಚು ಯಾರದು ಎಂಬುದೇ ಎಲ್ಲೆಡೆ ಎದುರಾಗುವ ಪ್ರಶ್ನೆ.

ಇಲ್ಲಿಯೇ ಬಡಿಗೇರರ ಉಜ್ಜುಗೊರಡು ನೆನಪಾಗುತ್ತದೆ. ಕಟ್ಟಿಗೆಗೆ ಕಟ್ಟಿಗೆಯ ಬೆಲೆ ಮಾತ್ರ ಸಿಕ್ಕರೆ ಕೂಲಿಯವನು ಮೇಲೆ ಕಡಿದುಕೊಂಡು ಹೋಗುತ್ತಾನೆ. ಬುಡ ಕೀಳುವುದಿಲ್ಲ, ಗಿಡ ಮತ್ತೆ ಚಿಗುರುತ್ತದೆ. ದಪ್ಪ ಬುಡದಲ್ಲೇ ಒಳ್ಳೆಯ ಚೇಗಿರುವುದು. ಅದಕ್ಕೆ ಮರಗೆಲಸದ ಬೆಲೆ ಬಂದರೆ ಬುಡಸಹಿತ ಅಗೆಯುವ ಕೂಲಿಯಲ್ಲಿ ಒಂದಿಷ್ಟಾದರೂ ಹೊರಟೀತು. ಉದ್ದನೆಯ ತೊಲೆ, ಬಾಗಿಲು ಇದರಿಂದ ಆಗದು, ಆ ಆಸೆ ಬೇಡ. ಗೇಣುದ್ದದ ತುಂಡಿನಿಂದ ಏನಾಗುತ್ತದೋ ಅದನ್ನು ಯೋಚಿಸಬೇಕು. ಉಳಿ, ಸುತ್ತಿಗೆ, ಕುಡುಗೋಲುಗಳ ಹಿಡಿ, ಲೇತಿನಲ್ಲಿ ಕಡೆದ ಬಟ್ಟಲು, ಲಟ್ಟಣಿಗೆ, ಚದುರಂಗದ ಕಾಯಿ, ಕುಳ್ಳು ಮಣೆ, ತುಂಡುಗಳನ್ನು ಜೋಡಿಸಿ ಹಾಸಿದ ನೆಲ. ಬೀಟೆಯ ಕುಲದ ಮರಗಳೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧದ ಪಟ್ಟಿಯಲ್ಲಿವೆ. ಸಣ್ಣ ಅಲಂಕಾರದ ಕೆಲಸಗಳಲ್ಲಿ ಅದರ ಬದಲು ಇದನ್ನು ಬಳಸಿ ನೋಡಬಹುದು. ಕಡಿದ ಕೂಡಲೇ ತುಂಡಿನ ಎರಡೂ ತುದಿಗೆ ಮೇಣವನ್ನೋ ಬಣ್ಣವನ್ನೋ ಬಳಿದು ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು, ಹೊರಗಿನ ಹಳದಿಯನ್ನು ಕೆತ್ತಿ ತೆಗೆಯಬೇಕು. ಅಷ್ಟು ಮಾಡಿದರೆ ಮರ ಮಾತು ಕೇಳುತ್ತದೆ.

ಒಂದು ಅಪಾಯವನ್ನು ಹೇಳದಿದ್ದರೆ ತಪ್ಪಾದೀತು. ಬೆಲೆ ಬಂತೆಂದು ನಾಳೆ ಯಾರಾದರೂ ಇದನ್ನು ನೆಡಲು ಹೊರಟರೆ 1877ರ ಕಥೆ ಮತ್ತೆ ಮೊದಲಿನಿಂದ. ಇರುವುದನ್ನು ಬಳಸಿ ಮುಗಿಸುವುದು ಬೇರೆ, ಬೆಳೆಸುವುದು ಬೇರೆ. ತೆರವಾದ ಜಾಗಕ್ಕೆ ಹುಲ್ಲು, ಬೇವು, ಕರಿಜಾಲಿ, ಬನ್ನಿ ಬರಬೇಕು. ಬನ್ನಿ ಬಹಳ ನಿಧಾನದ ಮರ. ನೆಟ್ಟವರು ಅದರ ನೆರಳಲ್ಲಿ ಕೂರುವ ಖಾತರಿಯಿಲ್ಲ.

ಅಂದು ಸಂಜೆಯ ಹೊತ್ತಿಗೆ ಕರೆಂಟು ಬಂತು. ಮಗ್ಗದ ದೃಶ್ಯ ಮುಗಿಸಿ ಹೊರಡುವಾಗ ಬಡಿಗೇರ ಕಾಕಾ ಆ ತುಂಡನ್ನು ನನ್ನ ಚೀಲದಲ್ಲಿ ಹಾಕಿದರು. ಚಹಾದ ಅಂಗಡಿಯವನು "ನನ್ನ ಕಟಗಿ ಅದ" ಎಂದು ನಗುತ್ತ ತಕರಾರು ತೆಗೆದ. ಈಗ ಅದು ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ. ಹಳದಿಯ ಪಟ್ಟಿಯಲ್ಲಿ ಹುಳು ಕೊರೆದ ಮೂರು ತೂತುಗಳಿವೆ. ಒಳಗಿನ ಕೆಂಪು ಮೊದಲಿಗಿಂತ ಗಾಢವಾಗಿದೆ.